‘ಡಾಮರ್’ ಸರಣಿಯ ಆರನೇ ಕಂತನ್ನು ಮೆಚ್ಚುವವರೂ ವಿರೋಧಿಸುವವರೂ ಇರುವುದೇಕೆ?

2022ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಈ ಸರಣಿಯು, 1978ರಿಂದ 1991ರವರೆಗೆ ಅಮೆರಿಕದಲ್ಲಿ 17 ಮಂದಿಯನ್ನು ಕೊಂದ ಜೆಫ್ರಿ ಡಾಮರ್‌ನ ಕಥೆ. ಹತ್ತು ಕಂತುಗಳಲ್ಲಿ ಆರನೆಯದು ಹಂತಕನನ್ನು ಬಹುಮಟ್ಟಿಗೆ ಬದಿಗಿಟ್ಟು, ಅವನಿಗೆ ಬಲಿಯಾದ ಟೋನಿ ಹ್ಯೂಸ್ ಎಂಬ ಕಿವುಡ ಯುವಕನ ಬದುಕನ್ನು ಹಿಂಬಾಲಿಸುತ್ತದೆ. ಆತ ಗೆಳೆಯರೊಡನೆ ಸನ್ನೆಭಾಷೆಯಲ್ಲಿ ಹರಟುವಾಗ ಸುತ್ತಲಿನ ಸದ್ದು ಅಡಗಿ, ಬೆರಳುಗಳ ಚಲನೆ ಮತ್ತು ಮುಖದ ನಗು ಮಾತ್ರ ಉಳಿಯುತ್ತವೆ. ಆ ಪಾತ್ರವನ್ನು ಸ್ವತಃ ಕಿವುಡರಾದ ರಾಡ್ನಿ ಬರ್ಫೋರ್ಡ್ ನಿರ್ವಹಿಸಿದ್ದಾರೆ. ಬಲಿಯಾದವನನ್ನು ಬರಿಯ ಹೆಸರಾಗಿಸದೆ, ಕನಸುಗಳಿದ್ದ ಮನುಷ್ಯನಾಗಿ ತೋರಿಸಿದ್ದೇ ಬಹುಪಾಲು ಮೆಚ್ಚುಗೆಗೆ ಕಾರಣ. ಈ ಮೆಚ್ಚುಗೆ ನ್ಯಾಯವಾದುದೆಂದೇ ನನ್ನ ಭಾವನೆ.

ಆದರೆ ವಿರೋಧಿಸುವವರ ಮಾತಿಗೂ ತೂಕವಿದೆ. ಕಂತು ಟೋನಿ ಮತ್ತು ಹಂತಕನ ನಡುವೆ ಪ್ರೇಮಕ್ಕೆ ಸಮೀಪದ ಸಂಬಂಧವನ್ನು ಹೆಣೆಯುತ್ತದೆ. ನಡೆದದ್ದು ಹಾಗಲ್ಲವೆಂದು ಟೋನಿಯ ತಾಯಿಯೇ ಪತ್ರಿಕೆಗೆ ಹೇಳಿದ್ದಾರೆ. ಮಗನನ್ನು ಕಳೆದುಕೊಂಡು, ಸರಣಿ ಬಂದಾಗ ಇನ್ನೂ ಬದುಕಿದ್ದ ತಾಯಿ ಒಪ್ಪದ ಘಟನೆಗಳನ್ನು ಅವನ ನಿಜವಾದ ಹೆಸರಿನಲ್ಲೇ ಕಲ್ಪಿಸುವುದು ಎಷ್ಟು ಸರಿ ಎಂಬ ಪ್ರಶ್ನೆಗೆ, ನಟನೆ ಎಷ್ಟೇ ಹೃದಯಸ್ಪರ್ಶಿಯಾಗಿದ್ದರೂ, ಉತ್ತರ ದೊರೆಯುವುದಿಲ್ಲ.