ಸೈತಾನನ ಹೆಸರು 41 ಸಲ

ಪ್ರಿಯ ಸಹೋದರರಿಗೆ ವಂದನೆಗಳು.

‘ಸೈತಾನನ ಕುತಂತ್ರಗಳು’ ಲೇಖನ ತಲುಪಿದೆ. ಎರಡು ಸಲ ಓದಿ, ಮೂರನೆಯ ಸಲ ಪೆನ್ಸಿಲ್ ಹಿಡಿದು ಕೂತೆ. ಈಗಿರುವ ರೂಪದಲ್ಲಿ ಅದನ್ನು ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಅದರ ಹೊಟ್ಟೆಯೊಳಗೆ ಇನ್ನೊಂದು ಲೇಖನ ಇದೆ. ಅದು ನಮ್ಮ ಸಭೆಗಳಿಗೆ ಬೇಕಾಗಿದೆ. ಬರೆಯಲು ಹೊರಟ ಬೇರೆಯವರಿಗೂ ಉಪಯೋಗವಾಗಲಿ ಎಂದು, ನೀವು ಒಪ್ಪಿದಂತೆ ಹೆಸರು ಬಿಟ್ಟು, ಈ ಉತ್ತರವನ್ನು ಅಚ್ಚು ಮಾಡುತ್ತಿದ್ದೇವೆ.

ನೀವು ಬರೆದದ್ದು 19 ಪ್ಯಾರಾ. ಮೊದಲ ಎಂಟರಲ್ಲಿ ಸೈತಾನ ಯಾರು, ಎಲ್ಲಿಂದ ಬಿದ್ದ, ಅವನ ಸೈನ್ಯ ಎಂಥದು ಎಂಬ ವಿವರಣೆ. ಮುಂದಿನ ಏಳರಲ್ಲಿ ವಚನಗಳ ಮೇಲೆ ವಚನ. ಕೊನೆಗೆ ಜಯಘೋಷ. ಸೈತಾನನ ಹೆಸರು 41 ಸಲ ಬಂದಿದೆ. ಮನುಷ್ಯನೊಬ್ಬ ಏನಾದರೂ ಮಾಡುವುದು ಮಾತ್ರ ಒಂದೇ ಕಡೆ, 16ನೆಯ ಪ್ಯಾರಾದಲ್ಲಿ, ಎರಡೇ ಸಾಲು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಗುಮಾಸ್ತರಾಗಿರುವ ನಿಮಗೆ, ಲಾರಿ ಹೇರುವ ಮುಂಚೆ ಚೀಲಗಳಿಗೆ ನೀರು ಚಿಮುಕಿಸು ಎಂದು ಹೇಳಿದರು. ‘ಕೊಡ ಎತ್ತಿದೆ, ಕೈ ಮುಂದೆ ಹೋಗಲಿಲ್ಲ.’ ಇಷ್ಟು ಹೇಳಿ, ಅಲ್ಲಿಂದ ನೇರ ಪ್ರಕಟನೆ 12ನೆಯ ಅಧ್ಯಾಯದ ಆಕಾಶಯುದ್ಧಕ್ಕೆ ಹಾರಿಬಿಟ್ಟಿದ್ದೀರಿ.

ಆ ಕೊಡವೇ ನಿಮ್ಮ ಲೇಖನ.

ಸೈತಾನನ ವಿಷಯ ಬೇಡ ಎಂದು ನಾನು ಹೇಳುತ್ತಿಲ್ಲ. ಕೇಡು ಬರೀ ನಮ್ಮ ದುರ್ಬಲತೆಯ ಇನ್ನೊಂದು ಹೆಸರು ಎಂದು ಸುವಾರ್ತೆ ಎಲ್ಲೂ ಹೇಳುವುದಿಲ್ಲ. ಆದರೆ ಓದುಗನಿಗೆ ಕೇಡಿನ ಕೈ ಕಾಣಬೇಕಾದರೆ ಮೊದಲು ನಿಮ್ಮ ಕೈ ಕಾಣಬೇಕು. ಒಂದು ಕ್ವಿಂಟಲ್‌ಗೆ ಎಷ್ಟು ನೀರು? ಮೂರು ಲೀಟರ್ ಕುಡಿಸಿದರೆ ತ್ರಾಸಿನಲ್ಲಿ 103 ಕೆಜಿ. ದರ 20,000 ಇದ್ದ ದಿನ ಕ್ವಿಂಟಲ್‌ಗೆ 600 ರೂಪಾಯಿ, 100 ಕ್ವಿಂಟಲ್ ಲಾರಿಗೆ 60,000. ಈ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಬರೆದಿಲ್ಲ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ತೇವ ಕುಡಿದ ಕಾಯಿ ಚೀಲದೊಳಗೇ ಬೂಷ್ಟು ಹಿಡಿದು ಬಣ್ಣ ಕಳೆದುಕೊಳ್ಳುತ್ತದೆ. ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷವೂ ಹುಟ್ಟಬಹುದು, ಅದು ಇನ್ನಾರದೋ ಮನೆಯ ಸಾರಿಗೆ ಇಳಿಯುತ್ತದೆ. ಜ್ಞಾನೋಕ್ತಿ 11:1 ಮೋಸದ ತ್ರಾಸು ಯೆಹೋವನಿಗೆ ಅಸಹ್ಯ ಅನ್ನುವುದು ಯಾಕೆ ಎಂದು ಇಷ್ಟರಿಂದಲೇ ತಿಳಿಯುತ್ತದೆ. ಯಾಜಕಕಾಂಡ 19:35-36, ಆಮೋಸ 8:5 ಸಹ ಅಳತೆ ತೂಕದ ಮಾತನ್ನೇ ಆಡುತ್ತವೆ. ವಚನಗಳ ಏಳು ಪ್ಯಾರಾಗಳಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಇನ್ನು ಶೋಧನೆ, ಅಂದರೆ ತಪ್ಪಿಗೆ ಸೆಳೆಯುವ ಪರೀಕ್ಷೆ, ಬೆಳೆಯುವ ಬಗೆ. ಯಾಕೋಬ 1:14-15ನ್ನು ಉದ್ಧರಿಸಿದ್ದೀರಿ, ಬಿಡಿಸಿ ನೋಡಿಲ್ಲ. ಅಲ್ಲಿನ ಗ್ರೀಕ್ ಮೂಲದಲ್ಲಿ ಎರಡು ಕ್ರಿಯಾಪದಗಳಿವೆ: ಒಂದು ಎಳೆದುಕೊಂಡು ಹೋಗುವುದು, ಇನ್ನೊಂದು ಎರೆ ತೋರಿಸಿ ಹಿಡಿಯುವುದು, ಅಂದರೆ ಗಾಳ ಹಾಕುವವನ ಮಾತು. ಆಮೇಲೆ ಮಾತು ಬಸಿರಿಗೆ ತಿರುಗುತ್ತದೆ. ಆಶೆ ಬಸುರಾಗಿ ಪಾಪವನ್ನು ಹೆರುತ್ತದೆ, ಪಾಪ ಬಲಿತು ಮರಣವನ್ನು ಹೆರುತ್ತದೆ. ಇದು ಒಂದು ಕ್ಷಣದ ಸಂಗತಿಯಲ್ಲ, ದಿನ ತುಂಬಿ ಆಗುವಂಥದು. ಹಾಗಿದ್ದರೆ ನಿಮ್ಮ ಗೋದಾಮಿನಲ್ಲಿ ದಿನ ತುಂಬಿದ್ದು ಯಾವಾಗ? ಕೊಡ ಎತ್ತಿದಾಗ ಅಲ್ಲ. ಆ ಕೊಡವನ್ನು ನಲ್ಲಿಯಿಂದ ತುಂಬಿಸಿ ಚೀಲದ ಪಕ್ಕ ಇಟ್ಟವರು ಯಾರು? ಅದನ್ನು ನೋಡಿದಾಗ ನೀವು ಏನು ಅಂದುಕೊಂಡಿರಿ? ‘ಎಲ್ಲರೂ ಮಾಡುತ್ತಾರೆ’ ಮೊದಲು ಬಂತೋ, ‘ಮಾಲೀಕರ ಪಾಪ, ನನ್ನದಲ್ಲ’ ಮೊದಲು ಬಂತೋ, ‘ಮಗಳ ಫೀ ಕಟ್ಟಬೇಕು’ ಮೊದಲು ಬಂತೋ? ಸೋಲು ಗೆಲುವು ಬಹಳ ಸಲ ತೀರ್ಮಾನ ಆಗುವುದು ಕೊಡ ಕಂಡಾಗಿನಿಂದ ಎತ್ತುವವರೆಗಿನ ಆ ಒಂದು ಗಂಟೆಯಲ್ಲಿ. ಅಲ್ಲಿ ಎಚ್ಚರ ತಪ್ಪಿದವನು ಕೊಡ ಎತ್ತಿದ ಮೇಲೆ ಪ್ರಾರ್ಥನೆ ಮಾಡಿದರೆ ಕಷ್ಟ. ಆಗ ಪ್ರಾರ್ಥನೆ ಕೆಲಸ ಮಾಡುವುದಿಲ್ಲ ಎಂದಲ್ಲ. ಅಷ್ಟರಲ್ಲಿ ನೆಪಗಳೆಲ್ಲ ಒಳಗೆ ಚಾಪೆ ಹಾಸಿ ಕೂತಿರುತ್ತವೆ.

ಒಂದು ಪದದ ತೊಡಕನ್ನೂ ಬಿಡಿಸಿಕೊಳ್ಳಿ. ‘ದೇವರೇ ನನ್ನನ್ನು ಈ ಶೋಧನೆಗೆ ತಳ್ಳಿದ’ ಎಂದು 16ನೆಯ ಪ್ಯಾರಾದ ಕೊನೆಗೆ ಬರೆದಿದ್ದೀರಿ. ಯಾಕೋಬ 1:13 ಇದನ್ನೇ ಹೇಳಬೇಡ ಅನ್ನುತ್ತದೆ: ದೇವರು ಯಾರನ್ನೂ ಕೆಟ್ಟದ್ದಕ್ಕೆ ಸೆಳೆಯುವುದಿಲ್ಲ. ಗ್ರೀಕಿನ ‘ಪೈರಾಸ್ಮೋಸ್’ ಪರೀಕ್ಷೆಗೂ ಸಲ್ಲುತ್ತದೆ, ಕೇಡಿನ ಸೆಳೆತಕ್ಕೂ ಸಲ್ಲುತ್ತದೆ. ನಮ್ಮ ‘ಶೋಧನೆ’ಯೂ ಹಾಗೇ. ಎಣ್ಣೆಯನ್ನು ಶೋಧಿಸುವುದೂ ಉಂಟು, ಮನುಷ್ಯನನ್ನು ಬೀಳಿಸಲು ಶೋಧಿಸುವುದೂ ಉಂಟು. ಒಂದೇ ಘಟನೆಯಲ್ಲಿ ಎರಡೂ ಇರಬಹುದು. ಆದರೆ ಸೋಸುವವನು ಒಬ್ಬ, ಬೀಳಿಸುವವನು ಬೇರೊಬ್ಬ. ಬರೆಯುವಾಗ ಯಾವುದು ಯಾರದ್ದು ಎಂದು ತಿಳಿಯುವ ಹಾಗೆ ಬರೆಯಿರಿ. ಇಲ್ಲವಾದರೆ ಕಷ್ಟದಲ್ಲಿರುವ ಓದುಗನೊಬ್ಬ ದೇವರನ್ನೇ ವೈರಿ ಅಂದುಕೊಂಡು ಪತ್ರಿಕೆ ಮುಚ್ಚಿಡುತ್ತಾನೆ.

ಅರ್ಧ ವಚನಗಳ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ‘ಸೈತಾನನನ್ನು ಎದುರಿಸಿರಿ, ಓಡಿಹೋಗುವನು’ ಎಂದು ಮೂರು ಸಲ ಬರೆದಿದ್ದೀರಿ. ಯಾಕೋಬ 4:7ರ ಮೊದಲ ಅರ್ಧ ದೇವರಿಗೆ ಒಳಗಾಗಿರಿ ಎಂದಿದೆ. ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಅದು ಮಂತ್ರದಂತೆ ಆಗಿಬಿಡುತ್ತದೆ. ಹಣವೇ ಎಲ್ಲ ಕೇಡಿಗೂ ಮೂಲ ಎಂದಿದ್ದೀರಿ. 1 ತಿಮೊಥೆಯ 6:10 ದೂರುವುದು ಹಣದ ಆಶೆಯನ್ನು. ದೇವರು ಹೊರಲಾರದ ಕಷ್ಟ ಕೊಡುವುದಿಲ್ಲ ಎಂಬುದಕ್ಕೆ 1 ಕೊರಿಂಥ 10:13 ಕೊಟ್ಟಿದ್ದೀರಿ. ಆ ವಚನ ಹೇಳುವುದು ಶೋಧನೆಯಿಂದ ತಪ್ಪಿಸಿಕೊಳ್ಳುವ ದಾರಿಯ ಬಗ್ಗೆ. ನಿಮಗೆ ಆ ದಾರಿ ಯಾವುದಾಗಿತ್ತು? ಗೋದಾಮಿನ ಬಾಗಿಲೇ? ಹಮಾಲರಲ್ಲಿ ಒಬ್ಬರ ಮುಖವೇ? ಮತ್ತಾಯ 4ರಲ್ಲಿ ಯೇಸುವನ್ನು ಶೋಧಿಸಲು ಬಂದ ಸೈತಾನನೂ ಕೀರ್ತನೆ 91ನ್ನು ಹೇಳುತ್ತಾನೆ, 11 ಮತ್ತು 12ನೆಯ ವಚನ ಹೇಳಿ ನಿಲ್ಲಿಸುತ್ತಾನೆ. 13ನೆಯದು ಸರ್ಪವನ್ನು ತುಳಿಯುವ ಮಾತು. ಕರ್ತನು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳಿಂದ ಬಂದವು (8:3, 6:16, 6:13). ಅಂದರೆ ಅಡವಿಗೆ ಹೋಗುವ ಮೊದಲೇ ಆ ಭಾಗ ಒಳಗೆ ಮನೆ ಮಾಡಿತ್ತು. ಓದುಗರಿಗೆ ಏಳು ಪ್ಯಾರಾ ವಚನ ಬೇಡ. ತನ್ನ ಶೋಧನೆ ಯಾವುದೆಂದು ಗೊತ್ತಿದ್ದವನಿಗೆ ಒಂದೇ ಅಧ್ಯಾಯ, ಅದರಲ್ಲಿ ಮೂರು ವಚನ, ಬಾಯಿಪಾಠ ಸಾಕು. ಶೋಧನೆ ಬಂದ ಮೇಲೆ ಸತ್ಯವೇದದ ಹಾಳೆ ತಿರುವುತ್ತ ಕೂರಲು ಹೊತ್ತಿರುವುದಿಲ್ಲ.

ಎಲ್ಲದಕ್ಕೂ ಎದುರಿಸಿರಿ ಎಂಬ ಒಂದೇ ಸಲಹೆ ಕೊಟ್ಟಿದ್ದೀರಿ. ಅಪೊಸ್ತಲರು ಹಾಗೆ ಹೇಳುವುದಿಲ್ಲ. ಜಾರತ್ವಕ್ಕೆ (1 ಕೊರಿಂಥ 6:18), ಯೌವನದ ಇಚ್ಛೆಗಳಿಗೆ (2 ತಿಮೊಥೆಯ 2:22) ದೂರ ಓಡು ಅನ್ನುತ್ತಾರೆ. ಹೆದರಿಕೆಗೆ, ಹಿಂಸೆಗೆ, ಗರ್ಜಿಸುವ ಸಿಂಹಕ್ಕೆ ಎದುರು ನಿಲ್ಲು ಅನ್ನುತ್ತಾರೆ (1 ಪೇತ್ರ 5:8-9). ಓಡಬೇಕಾದಲ್ಲಿ ನಿಂತವರೇ ಹೆಚ್ಚು ಬೀಳುತ್ತಾರೆ, ಯಾಕೆಂದರೆ ನಿಲ್ಲುವುದು ಭಕ್ತಿಯಂತೆ ಕಾಣುತ್ತದೆ. ರಾತ್ರಿ ಹನ್ನೊಂದಕ್ಕೆ ಕೈಯಲ್ಲಿ ಫೋನ್ ಹಿಡಿದುಕೊಂಡೇ ನೋಡುವುದಿಲ್ಲ ಎಂದು ಪ್ರಾರ್ಥಿಸುವ ಹುಡುಗ ಓಡಲಿಲ್ಲ. ಚಾರ್ಜರ್ ಅಡುಗೆಮನೆಯಲ್ಲಿರಲಿ, ಒಂಬತ್ತೂವರೆಗೆ ಫೋನ್ ಅಲ್ಲಿಗೆ ಹೋಗಲಿ, ಏಳಲು ಒಂದು ಅಲಾರಂ ಗಡಿಯಾರ ಕೊಂಡುಕೊಳ್ಳಲಿ. ಓಸಿ ನಂಬರಿನ (ಮಟ್ಕಾ ಜೂಜಿನ) ಚಟ ಇದ್ದವನು ಸಂಬಳದ ದಿನ ಚೀಟಿ ಬರೆಯುವವನ ಬೀದಿ ಬಿಟ್ಟು ಸುತ್ತಿ ಹೋಗಲಿ, ಮನೆಗೆ ತಲುಪುವ ಮೊದಲೇ ದುಡ್ಡು ಹೆಂಡತಿಯ ಖಾತೆಗೆ ಹೋಗಲಿ. ಇಂಥದ್ದನ್ನು ಬರೆಯಲು ನಾಚಿಕೆ ಪಡಬೇಡಿ. ಒಡೆಯನ ಹೆಂಡತಿ ಹಿಡಿದೆಳೆದಾಗ ಯೋಸೇಫ ಬಟ್ಟೆ ಬಿಟ್ಟು ಓಡಿದ (ಆದಿಕಾಂಡ 39:12). ಅದಕ್ಕೆ ಅವನಿಗೆ ಸಿಕ್ಕಿದ್ದು ಸೆರೆಮನೆ. ಜೊತೆಗೆ ಸೆರೆಯಲ್ಲಿದ್ದ ಫರೋಹನ ಪಾನದಾಯಕ ಬಿಡುಗಡೆಯಾದ ಮೇಲೂ ತುಂಬ ಎರಡು ವರ್ಷ ಅಲ್ಲೇ ಇದ್ದ (41:1). ನೀವು ಬರೆದಂತೆ ‘ಎದುರಿಸಿದೆ, ಕೂಡಲೇ ಆಶೀರ್ವಾದ ಬಂತು’ ಎಂದಾಗಲಿಲ್ಲ. ಕೊಡ ಕೆಳಗಿಟ್ಟ ಮೇಲೆ ನಿಮಗೆ ಏನಾಯಿತು, ಕೆಲಸ ಉಳಿಯಿತೋ ಇಲ್ಲವೋ, ಆ ತಿಂಗಳು ಮನೆ ಹೇಗೆ ನಡೆಯಿತು? ಓದುಗ ಕಾಯುವುದು ಇದಕ್ಕೆ.

ಎಫೆಸ 6ರ ಸರ್ವಾಯುಧದ ಭಾಗ ನಿಮ್ಮಲ್ಲಿ ಚೆನ್ನಾಗಿದೆ, ಆದರೆ ಒಬ್ಬಂಟಿ ಯೋಧನ ಚಿತ್ರವಾಗಿದೆ. ಪೌಲ ಅಲ್ಲಿ ‘ನೀನು’ ಅನ್ನುವುದಿಲ್ಲ, ಉದ್ದಕ್ಕೂ ‘ನೀವು’. ನಂಬಿಕೆಯ ಗುರಾಣಿಗೆ ಅವನು ಬಳಸಿದ ಗ್ರೀಕ್ ಪದ ಬಾಗಿಲು ಎಂಬ ಪದಕ್ಕೆ ನೆಂಟ. ಮೈ ಮುಚ್ಚುವಷ್ಟು ದೊಡ್ಡ ಗುರಾಣಿ ಅದು. ರೋಮಿನ ಸಿಪಾಯಿಗಳು ಅವನ್ನು ಒಂದಕ್ಕೊಂದು ಒತ್ತಿ ಗೋಡೆಯ ಹಾಗೆ ಹಿಡಿಯುತ್ತಿದ್ದರು. ಆದ್ದರಿಂದ ಗೃಹಕೂಟದ, ಅಂದರೆ ಮನೆಗಳಲ್ಲಿ ಸೇರುವ ಪ್ರಾರ್ಥನಾ ಗುಂಪಿನ, ಮಾತು ಇಲ್ಲಿ ಬರಬೇಕು. ಇಡೀ ಕೂಟದ ಮುಂದೆ ಎಲ್ಲ ಹೇಳಿಬಿಡುವುದು ಬೇಡ, ಅದು ಓಣಿಯ ಸುದ್ದಿಯಾಗುತ್ತದೆ. ಒಬ್ಬರು ಸಾಕು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಹತ್ತಿರದ ಬಳಗದವರಾಗಿರಬಾರದು, ಸಾಲ ಕೊಟ್ಟವರಂತೂ ಬೇಡ. ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಹತ್ತು ನಿಮಿಷ: ಎಲ್ಲಿ ಬಿದ್ದೆ, ಅದಕ್ಕೆ ಒಂದು ಗಂಟೆ ಮುಂಚೆ ಎಲ್ಲಿದ್ದೆ, ಮುಂದಿನ ವಾರ ಏನು ಬದಲಿಸುವೆ. ಜೆಸ್ಯುಯಿಟ್ ಸಂಘವನ್ನು ಕಟ್ಟಿದ ಕಥೋಲಿಕ ಸಂತ ಲೊಯೊಲಾದ ಇಗ್ನೇಷಿಯಸ್ (1491-1556) ಕಲಿಸಿದ ಒಂದು ರೂಢಿ ನಮ್ಮ ಸಭೆಯವರಿಗೂ ಉಪಯೋಗಕ್ಕೆ ಬರುತ್ತದೆ. ಒಂದೇ ದೋಷ ಆರಿಸಿಕೊಂಡು ದಿನಕ್ಕೆ ಎರಡು ಗೆರೆ ಎಳೆಯುವುದು, ಮಧ್ಯಾಹ್ನಕ್ಕೊಂದು, ರಾತ್ರಿಗೊಂದು. ಬಿದ್ದಷ್ಟು ಸಲ ಚುಕ್ಕೆ. ಆಮೇಲೆ ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸುವುದು. ನಾಲ್ಕು ದೋಷ ಒಟ್ಟಿಗೆ ಹಿಡಿದವರು ಎರಡನೆಯ ವಾರ ಕೈಬಿಡುತ್ತಾರೆ.

ಚುಕ್ಕೆ ಕಡಿಮೆಯಾದರೂ ಕೆಲಸ ಮುಗಿಯುವುದಿಲ್ಲ. ಮತ್ತಾಯ 12:43-45ರ ಮನೆ ಗುಡಿಸಿತ್ತು, ಅಲಂಕರಿಸಿತ್ತು, ಆದರೆ ಖಾಲಿ ಇತ್ತು. ಅದಕ್ಕೇ ಏಳು ದೆವ್ವ ಬಂದು ಸೇರಿದವು. ಎಫೆಸ 4:28 ಕಳ್ಳನಿಗೆ ಕದಿಯಬೇಡ ಎಂದಷ್ಟೇ ಹೇಳಿ ಬಿಡುವುದಿಲ್ಲ, ಕೈಯಾರೆ ದುಡಿ, ಇಲ್ಲದವರಿಗೆ ಕೊಡು ಅನ್ನುತ್ತದೆ. ಅದಕ್ಕೆ ಎರಡು ವಚನ ಮೇಲೆ ಕೋಪದ ಮಾತಿದೆ: ಸೂರ್ಯ ಮುಳುಗುವುದರೊಳಗೆ ತೀರಿಸು, ಸೈತಾನನಿಗೆ ಜಾಗ ಕೊಡಬೇಡ. ಹೊಲದ ಬದುವಿನ ಜಗಳಕ್ಕೆ ಹತ್ತು ವರ್ಷ ಮಾತು ಬಿಟ್ಟು, ಭಾನುವಾರ ಒಂದೇ ಕರ್ತನ ಮೇಜಿಗೆ ಬರುವ ಅಣ್ಣತಮ್ಮಂದಿರು ನಮ್ಮ ಕಡೆ ಎಷ್ಟು ಜನ! ಸೈತಾನನಿಗೆ ಜಾಗ ಕೊಡುವುದು ಎಂದರೆ ಏನು ಎಂದು ತೋರಿಸಲು ಆಕಾಶಯುದ್ಧಕ್ಕೆ ಹೋಗಬೇಕಾಗಿಲ್ಲ.

13ನೆಯ ಪ್ಯಾರಾವನ್ನು ಮಾತ್ರ ಪೂರ್ತಿ ತೆಗೆಯಬೇಕು, ಇದರಲ್ಲಿ ಚೌಕಾಸಿ ಇಲ್ಲ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಸಾಯುವ ಯೋಚನೆ, ಕಿವಿಯಲ್ಲಿ ಧ್ವನಿ ಕೇಳುವುದು ಎಲ್ಲವೂ ದುರಾತ್ಮದ ಕಾಟ, ಉಪವಾಸ ಪ್ರಾರ್ಥನೆಯೇ ಮದ್ದು ಎಂದು ಬರೆದಿದ್ದೀರಿ. ಇದನ್ನು ಓದಿ ಯಾರಾದರೂ ಗುಳಿಗೆ ನಿಲ್ಲಿಸಿದರೆ ಹೊಣೆ ನಮ್ಮದು. ಅಂಥವರನ್ನು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಬೇಕು, ರಾತ್ರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬೇಕು, ಜೊತೆಗೆ ಪ್ರಾರ್ಥನೆಯನ್ನೂ ಮಾಡಬೇಕು. ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಕಟ್ಟಿಹಾಕುವುದು ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕರ್ನಾಟಕದ 2017ರ ಕಾಯ್ದೆಯಂತೆ ಅಪರಾಧ. ಲೂಕನೇ ವೈದ್ಯನಾಗಿದ್ದ (ಕೊಲೊಸ್ಸೆ 4:14). ಔಷಧ ತೆಗೆದುಕೊಳ್ಳುವವರ ನಂಬಿಕೆ ಕಡಿಮೆ ಎಂಬ ಧ್ವನಿ ನಿಮ್ಮ ಬರಹದಲ್ಲಿ ಎಲ್ಲೂ ಉಳಿಯಬಾರದು.

ಬಿದ್ದವರಿಗೆ ನಿಮ್ಮ ಲೇಖನದಲ್ಲಿ ಜಾಗವೇ ಇಲ್ಲ. ಆದರೆ ಅದನ್ನು ಓದುವವರಲ್ಲಿ ಆ ವಾರ ನೀರು ಚಿಮುಕಿಸಿದವರೂ ಇರುತ್ತಾರೆ. ಬೀಳುವ ಮುಂಚೆ ‘ಇದೇನು ದೊಡ್ಡದು’ ಅನ್ನುವ ಸೈತಾನನೇ ಬಿದ್ದ ಮೇಲೆ ‘ನಿನಗೆ ಕ್ಷಮೆ ಎಲ್ಲಿದೆ’ ಅನ್ನುತ್ತಾನೆ. ಪ್ರಕಟನೆ 12:10 ಅವನನ್ನು ದೂರು ಹೇಳುವವನು ಎಂದು ಕರೆಯುತ್ತದೆ. ಎರಡು ಧ್ವನಿಗಳನ್ನು ಬೇರೆ ಮಾಡುವುದು ಹೇಗೆಂದು ಬರೆಯಿರಿ. ಪವಿತ್ರಾತ್ಮನ ಎಚ್ಚರಿಕೆ ನಿರ್ದಿಷ್ಟ: ಈ ಲಾರಿ, ಇಷ್ಟು ಕೆಜಿ, ಇವರಿಗೆ ಹಿಂದಿರುಗಿಸು. ದೂರುಗಾರನದು ಮಂಜಿನಂತೆ: ನೀನು ಕೆಟ್ಟವನು, ನಿನ್ನಿಂದ ಆಗದು. ಮೊದಲನೆಯದರಲ್ಲಿ ಮುಂದಿನ ಹೆಜ್ಜೆ ಇರುತ್ತದೆ, ಎರಡನೆಯದರಲ್ಲಿ ಇರುವುದಿಲ್ಲ. ಸುಂಕದವನಾದ ಜಕ್ಕಾಯ ಮರದಿಂದಿಳಿದು, ಮೋಸದಿಂದ ತೆಗೆದುಕೊಂಡದ್ದನ್ನು ಹಿಂದಿರುಗಿಸಲು ನಾಲ್ಕರಷ್ಟು ಲೆಕ್ಕ ಹಾಕಿದ (ಲೂಕ 19:8).

ತಿದ್ದುವ ಕೆಲಸ ಇಷ್ಟು. ಸೈತಾನನ ಹುಟ್ಟು ಪತನದ ಎಂಟು ಪ್ಯಾರಾ ಒಂದಕ್ಕೆ ಇಳಿಯಲಿ; ಆ ಪತನಕ್ಕೆ ಸಾಮಾನ್ಯವಾಗಿ ಉದ್ಧರಿಸುವ ಯೆಶಾಯ 14 ಬಾಬೆಲಿನ ಅರಸನಿಗೆ, ಯೆಹೆಜ್ಕೇಲ 28 ತೂರಿನ ಅರಸನಿಗೆ ಹೇಳಿದ್ದು ಎಂಬುದನ್ನು ಆ ಅಧ್ಯಾಯಗಳಲ್ಲೇ ನೋಡಿಕೊಳ್ಳಿ. ‘ಜಯ’ ಎಂಬ ಪದ 23 ಕಡೆ ಇದೆ, ಎರಡು ಉಳಿಯಲಿ. ಒಟ್ಟು 1,200 ಪದ ಮೀರಬೇಡಿ. ಮಾಲೀಕರ ಹೆಸರಾಗಲಿ ಗೋದಾಮಿನ ಗುರುತಾಗಲಿ ಬೇಡ. ಅವರೂ ಓದಿ ತಿರುಗಿಕೊಳ್ಳಲು ದಾರಿ ಇರಲಿ.

ಮತ್ತಾಯ 4ನ್ನು ಓದುವ ಲೆಂಟ್ ಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸ ದಿನಗಳ) ಸಂಚಿಕೆಗೆ ಎರಡು ಪುಟ ಹಿಡಿದಿಟ್ಟಿದ್ದೇನೆ. ಬೆಳಿಗ್ಗೆ ಗೋದಾಮಿನ ಬಾಗಿಲು ತೆರೆದಾಗ ಆ ಕೊಡ ಎಲ್ಲಿತ್ತು ಎಂಬಲ್ಲಿಂದ ಶುರುಮಾಡಿ ಕಳಿಸಿ.

ಕ್ರಿಸ್ತನಲ್ಲಿ ನಿಮ್ಮ,
ಸಂಪಾದಕ