ಚಿಲಕ ಹಾಕಿದ ಬಾಗಿಲು: ಶಿರಸಿಯ ಮಾಸ್ತರರಿಗೆ ಉತ್ತರ

ಪ್ರೀತಿಯ ಮಾಸ್ತರರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಈ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ, ಅದಕ್ಕೇ ಉತ್ತರವನ್ನು ಇಲ್ಲಿ ಅಚ್ಚು ಮಾಡುತ್ತಿದ್ದೇನೆ. ನಿಮ್ಮ ಅಕ್ಕನ ಮಗ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ನೀವು ಪೂರ್ತಿ ಕೈಯಲ್ಲಿ ಬರೆದು, ಜೊತೆಗಿದ್ದ ಚಿತ್ರವನ್ನೂ ಪೆನ್ಸಿಲ್ಲಿನಲ್ಲಿ ಬಿಡಿಸಿ ಕಳಿಸಿದ್ದೀರಿ. ಫ್ರೀಮೇಸನ್ ಎಂಬ ಗುಪ್ತ ಸಂಘವೇ ಜಗತ್ತನ್ನು ಆಳುತ್ತಿದೆ, ಕಮ್ಯುನಿಸಂ ಕೂಡ ಅವರು ಹೆತ್ತ ಕೂಸು ಅಂತ ಅದರಲ್ಲಿದೆ. ಇದು ನಿಜವೇ, ಸಮಾಜವಾದಿಗಳು ಇವರನ್ನು ಹೇಗೆ ನೋಡಿದರು ಎಂದು ಕೇಳಿದ್ದೀರಿ. ಕೊನೆಯಲ್ಲಿ ನಿಮ್ಮ ಅಜ್ಜಿಯ ಮಾತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಜವಲ್ಲ. ಆದರೆ ಅಷ್ಟಕ್ಕೇ ಬಿಟ್ಟರೆ ನಿಮಗೆ ಸಮಾಧಾನ ಆಗುವುದಿಲ್ಲ.

ಕಾರವಾರದ ನಮ್ಮ ಕಚೇರಿಯ ಪಕ್ಕದಲ್ಲಿ ಈಗೊಂದು ಮನೆ ಏಳುತ್ತಿದೆ. ಗೌಂಡಿ ಚಿರೆಕಲ್ಲಿಗೆ ಮೂಲೆಮಟ್ಟ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಸರಿ ಕಾಣದಿದ್ದರೆ ಕಲ್ಲನ್ನು ತೆಗೆದು ಮತ್ತೆ ಕೂರಿಸುತ್ತಾನೆ. ‘ಮೇಸನ್’ ಅಂದರೆ ಗೌಂಡಿ ಎಂದೇ ಅರ್ಥ. ನೀವು ಬಿಡಿಸಿದ ಫ್ರೀಮೇಸನ್ನರ ಗುರುತಿನಲ್ಲಿರುವುದೂ ಅದೇ ಮೂಲೆಮಟ್ಟ, ಅದರ ಮೇಲೊಂದು ಕೈವಾರ. ಯುರೋಪಿನ ಕಲ್ಲುಕುಟಿಗರ ಕೂಟಗಳಿಂದ ಬಂದ ಗುರುತು ಅದು. 18ನೇ ಶತಮಾನದ ಹೊತ್ತಿಗೆ ಆ ಕೂಟಗಳಲ್ಲಿ ವಕೀಲರು, ವ್ಯಾಪಾರಿಗಳು, ಶ್ರೀಮಂತರೇ ಜಾಸ್ತಿ. ಹತ್ಯಾರ ಉಳಿಯಿತು, ಅದನ್ನು ಹಿಡಿಯುವ ಕೈ ಬದಲಾಯಿತು.

ಸಮಾಜವಾದಿಗಳು ಗುಪ್ತ ಸಂಘಗಳನ್ನು ಹೊರಗಿನಿಂದ ನೋಡಿ ಬೈದವರಲ್ಲ. ಮೊದಲಿನವರು ಅದರೊಳಗೇ ಇದ್ದವರು. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಕ್ರಾಂತಿಕಾರಿ ಬ್ಲಾಂಕಿ ಕಟ್ಟಿದ ‘ಋತುಗಳ ಸಂಘ’ವನ್ನೇ ನೋಡಿ. ಆರು ಜನ ಸೇರಿದರೆ ಒಂದು ‘ವಾರ’, ಅವರ ಮುಖಂಡನ ಹೆಸರು ‘ಭಾನುವಾರ’. ನಾಲ್ಕು ವಾರಕ್ಕೆ ಒಂದು ‘ತಿಂಗಳು’, ಅದರ ಮುಖಂಡ ‘ಜುಲೈ’. ಮೂರು ತಿಂಗಳಿಗೆ ಒಂದು ‘ಋತು’, ಅದಕ್ಕೆ ‘ವಸಂತ’. ಮೇಲೆ ಯಾರಿದ್ದಾರೆ ಎಂದು ಕೆಳಗಿನವರಿಗೆ ಗೊತ್ತಿಲ್ಲ. 1839ರ ಮೇ 12ರಂದು ಕೆಲವು ನೂರು ಜನ ಬಂದೂಕು ಹಿಡಿದು ಬೀದಿಗೆ ಇಳಿದರು. ಯಾರ ಹೆಸರಿನಲ್ಲಿ ಬಂಡಾಯ ಎದ್ದಿತೋ ಆ ಕೂಲಿಕಾರರಿಗೇ ಸುದ್ದಿ ಇರಲಿಲ್ಲ. ಅವರು ಸುಮ್ನೆ ನಿಂತು ನೋಡಿದರು. ಬಂಡಾಯ ಬೇಗನೆ ಮುಗಿದುಹೋಯಿತು. ಈ ಕತೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದರಲ್ಲಿ ಸಿಕ್ಕಿಬಿದ್ದು ಲಂಡನ್ನಿಗೆ ಹೋದವರಲ್ಲಿ ‘ನ್ಯಾಯವಂತರ ಒಕ್ಕೂಟ’ದ ಜರ್ಮನ್ ಕೆಲಸಗಾರರೂ ಇದ್ದರು. ಅದೂ ಗುಪ್ತ ಸಂಘವೇ. 1847ರಲ್ಲಿ ಮಾರ್ಕ್ಸ್, ಎಂಗೆಲ್ಸ್ ಇದಕ್ಕೆ ಸೇರಿದರು. ಮುಖಂಡರನ್ನು ಕುರುಡಾಗಿ ನಂಬುವಂತೆ ಮಾಡುವ ನಿಯಮಗಳೆಲ್ಲ ಹೋಗಬೇಕು ಎಂಬುದು ತನ್ನ ಷರತ್ತಾಗಿತ್ತು ಎಂದು ಮಾರ್ಕ್ಸ್ ಮುಂದೆ ಪತ್ರವೊಂದರಲ್ಲಿ ಬರೆದ. ಒಕ್ಕೂಟದ ಹೆಸರು ‘ಕಮ್ಯುನಿಸ್ಟ್ ಒಕ್ಕೂಟ’ ಎಂದು ಬದಲಾಯಿತು, ‘ಎಲ್ಲ ಮನುಷ್ಯರೂ ಸೋದರರು’ ಎಂಬ ಘೋಷಣೆ ಹೋಗಿ ‘ಎಲ್ಲ ದೇಶಗಳ ಕಾರ್ಮಿಕರೇ ಒಂದಾಗಿ’ ಬಂತು. ಆ ಒಕ್ಕೂಟಕ್ಕಾಗಿ ಅವರಿಬ್ಬರೂ ಬರೆದ 1848ರ ಕಮ್ಯುನಿಸ್ಟ್ ಪ್ರಣಾಳಿಕೆಯ ಕೊನೆಯಲ್ಲಿ, ನಮ್ಮ ವಿಚಾರ ಮತ್ತು ಗುರಿಯನ್ನು ಮುಚ್ಚಿಡುವುದು ನಮಗೆ ಹೇಸಿಗೆ ಎಂಬ ಅರ್ಥದ ಮಾತಿದೆ. ಅದು ಸುಮ್ನೆ ಬರೆದ ಸಾಲಲ್ಲ. ಅದರ ಹಿಂದೆ ಇಷ್ಟೆಲ್ಲ ಇದೆ. ‘ಇಂಟರ್‌ನ್ಯಾಷನಲ್’ ಎಂಬ ಕಾರ್ಮಿಕರ ಅಂತರರಾಷ್ಟ್ರೀಯ ಸಂಘದ 1871ರ ಲಂಡನ್ ಸಭೆಯಲ್ಲಿ ಮಾರ್ಕ್ಸ್ ಮತ್ತೆ ಇದನ್ನೇ ಎತ್ತಿದ: ಗುಪ್ತ ಸಂಘಗಳು ಕಾರ್ಮಿಕರಿಗೆ ತಿಳಿವಳಿಕೆ ಕೊಡುವುದಿಲ್ಲ, ಅವರನ್ನು ಅಪ್ಪಣೆ ಪಾಲಿಸುವವರನ್ನಾಗಿ ಮಾಡುತ್ತವೆ ಎಂದು. ಮರುವರ್ಷ ರಷ್ಯಾದ ಅರಾಜಕತಾವಾದಿ ಬಕುನಿನ್‌ನನ್ನು ಇಂಟರ್‌ನ್ಯಾಷನಲ್‌ನಿಂದ ಹೊರಹಾಕಿದ್ದೂ ಗುಪ್ತ ಕೂಟ ನಡೆಸಿದ ಎಂಬ ಆರೋಪದ ಮೇಲೆ. ಬಕುನಿನ್ ಮೇಸನ್ ಆಗಿದ್ದವನು, ಫ್ರಾನ್ಸಿನ ಸಮಾಜವಾದಿ ಚಿಂತಕ ಪ್ರೂಧೋ ಕೂಡ.

ಹಾಗಂತ ಮೇಸನ್ನರೆಲ್ಲ ಕಾರ್ಮಿಕರಿಗೆ ವೈರಿಗಳು ಅಂತಲ್ಲ. 1871ರ ಏಪ್ರಿಲ್ 29ರಂದು ಪ್ಯಾರಿಸ್ಸಿನ ಜನ ಬಂಡೆದ್ದು ಕಟ್ಟಿಕೊಂಡ ಆಡಳಿತವಾದ ಪ್ಯಾರಿಸ್ ಕಮ್ಯೂನಿನ ಪರವಾಗಿ ಸಾವಿರಾರು ಮೇಸನ್ನರು ತಮ್ಮ ಬಾವುಟ ಹಿಡಿದು ಮೆರವಣಿಗೆ ಹೋದರು. ಫ್ರಾನ್ಸ್ ಸರ್ಕಾರದ ಫಿರಂಗಿಗಳ ಎದುರಿಗೇ, ಊರಿನ ಕೋಟೆಗೋಡೆಯ ಮೇಲೆ ಅವನ್ನು ನೆಟ್ಟರು. ಇದನ್ನು ಮರೆಯುವುದು ಅನ್ಯಾಯ.

1922ರಲ್ಲಿ ಹಲವು ದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್, 1923ರ ಜನವರಿ 1ರೊಳಗೆ ಲಾಡ್ಜ್ (ಮೇಸನ್ನರ ಕೂಟ) ಬಿಡಿ, ಇಲ್ಲವೇ ಪಕ್ಷ ಬಿಡಿ ಎಂದು ಫ್ರಾನ್ಸಿನ ಸದಸ್ಯರಿಗೆ ಹೇಳಿತು. ರಷ್ಯಾ ಕ್ರಾಂತಿಯ ಮುಖಂಡ ಟ್ರಾಟ್ಸ್ಕಿ ಇದರ ಹಿಂದೆ ಗಟ್ಟಿಯಾಗಿ ನಿಂತಿದ್ದ. ಮಾಟಮಂತ್ರದ ಭಯ ಅವರದ್ದಾಗಿರಲಿಲ್ಲ. ಹಗಲು ಮಾಲೀಕರ ವಿರುದ್ಧ ಭಾಷಣ ಮಾಡಿದ ನಾಯಕ ಸಂಜೆ ಅದೇ ಮಾಲೀಕರ ಜೊತೆ ಚಿಲಕ ಹಾಕಿಕೊಂಡು ‘ಅಣ್ಣತಮ್ಮ’ ಆಗಿ ಕೂತರೆ ಕಾರ್ಮಿಕ ಯಾರನ್ನು ನಂಬಬೇಕು? ನನಗೆ ಈ ಪ್ರಶ್ನೆ ಇವತ್ತಿಗೂ ಸರಿ ಅನ್ನಿಸುತ್ತದೆ.

ನಿಮ್ಮ ಅಕ್ಕನ ಮಗನಿಗೆ ಹೇಳಲೇಬೇಕಾದ ವಿಷಯ ಮುಂದಿನದು. 1914ರಲ್ಲಿ ಇಟಲಿಯ ಸಮಾಜವಾದಿ ಪಕ್ಷದಿಂದ ಮೇಸನ್ನರನ್ನು ದೂರ ಇಡಬೇಕೆಂದು ಜೋರಾಗಿ ವಾದಿಸಿದವನು ಮುಸೊಲಿನಿ, ಆಗ ಅವನೂ ಸಮಾಜವಾದಿ. 1925ರಲ್ಲಿ ಸರ್ವಾಧಿಕಾರಿಯಾದ ಮೇಲೆ ಗುಪ್ತ ಸಂಘಗಳ ವಿರುದ್ಧ ಕಾಯ್ದೆ ತಂದ. ಮೇ 16ರಂದು ಸಂಸತ್ತಿನಲ್ಲಿ ಅದನ್ನು ವಿರೋಧಿಸಿ ಎದ್ದುನಿಂತವನು ಗ್ರಾಮ್ಶಿ, ಕಮ್ಯುನಿಸ್ಟ್. ಮುಸೊಲಿನಿ ನಡುನಡುವೆ ಬಾಯಿ ಹಾಕುತ್ತಲೇ ಇದ್ದ. ಮೇಸನ್ನರ ಕೂಟ ಬಂಡವಾಳಿಗರದ್ದೇ ಪಕ್ಷ ಎಂದು ಗ್ರಾಮ್ಶಿ ಮುಚ್ಚುಮರೆ ಇಲ್ಲದೆ ಹೇಳಿದ. ಆದರೆ ಈ ಕಾಯ್ದೆಯ ನಿಜವಾದ ಪೆಟ್ಟು ಬೀಳುವುದು ಕಾರ್ಮಿಕರ ಸಂಘಟನೆಗಳ ಮೇಲೆ ಎಂದೂ ಹೇಳಿದ. ಮರುವರ್ಷ ನವೆಂಬರಿನಲ್ಲಿ ಅವನೇ ಜೈಲು ಸೇರಿದ. 1940ರಲ್ಲಿ ಸ್ಪೇನಿನ ಫ್ರಾಂಕೊ ಮೇಸನ್ನರನ್ನೂ ಕಮ್ಯುನಿಸ್ಟರನ್ನೂ ಒಂದೇ ಕಾಯ್ದೆಯಲ್ಲಿ ಕಟ್ಟಿಹಾಕಿದ. ಇಬ್ಬರೂ ಒಂದೇ ಎನ್ನುವ ಆ ವಾಟ್ಸಾಪ್ ಸಂದೇಶ ಯಾರ ಮಾತನ್ನು ಹೊತ್ತು ತಿರುಗುತ್ತಿದೆ ಅಂತ ಈಗ ಗೊತ್ತಾಯಿತಲ್ವಾ?

ಈಗ ಅಜ್ಜಿಯ ವಿಷಯ. 1942ರಲ್ಲಿ ಪೊಲೀಸರ ಕಣ್ಣು ತಪ್ಪಿಸಿ ತಿರುಗುತ್ತಿದ್ದವರಿಗೆ ಅವರು ಅಡಿಕೆ ತೋಟದಲ್ಲಿ ಗಂಜಿ ಇಟ್ಟು ಬರುತ್ತಿದ್ದರು, ಮನೆಯ ಗಂಡಸರಿಗೂ ಹೇಳುತ್ತಿರಲಿಲ್ಲ, ‘ಅದೂ ಗುಪ್ತ ಕೆಲಸವೇ ಅಲ್ಲವೇ?’ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಹೌದು, ಗುಪ್ತವೇ. ಆದರೆ ಅವರು ಎಲ್ಲಿ ಮಲಗುತ್ತಾರೆ ಎಂಬುದು ಗುಪ್ತ, ಏನು ಬೇಕು ಎಂಬುದು ಊರಿಗೆಲ್ಲ ಗೊತ್ತು. 1930ರಲ್ಲಿ ಇದೇ ಜಿಲ್ಲೆಯ ಅಂಕೋಲೆಯಲ್ಲಿ ಜನರ ಕಣ್ಣೆದುರೇ ಉಪ್ಪು ಮಾಡಿ, ಪೊಟ್ಟಣ ಕಟ್ಟಿ, ಹರಾಜು ಕೂಗಿದ್ದರು. ಬಾಗಿಲು ಹಾಕಿದ್ದು ಸರ್ಕಾರ. ಕಾನೂನು ಸಂಘಟನೆಯನ್ನೇ ನಿಷೇಧಿಸಿದ ದೇಶಗಳಲ್ಲಿ ಮಾರ್ಕ್ಸನ ಗೆಳೆಯರೂ ಅಡಗಿಯೇ ಕೆಲಸ ಮಾಡಿದರು.

ಅಜ್ಜಿ ಹೇಳಿದ್ದನ್ನೆಲ್ಲ ಬರೆದು ಕಳಿಸಿ, ಮಾಸ್ತರರೇ. ಗಂಜಿ ಯಾವ ಪಾತ್ರೆಯಲ್ಲಿ ಹೋಗುತ್ತಿತ್ತು, ಖಾಲಿ ಪಾತ್ರೆ ತರಲು ಯಾರು ಹೋಗುತ್ತಿದ್ದರು, ಅದೂ ಬೇಕು. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ