ಸಾದಾ ಗೊಂಬೆಯಲ್ಲೂ ತಾಲೀಮು ಆಗುತ್ತದಾ?

ಪ್ರಶ್ನೆ: ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ತಂಡಕ್ಕೆಲ್ಲ ಅಣಕು ತಾಲೀಮು ಮಾಡೋಣ ಅಂತ ಕೇಳಿದರೆ, ಉಸಿರಾಡುವ, ನಾಡಿ ಮಿಡಿಯುವ ಮ್ಯಾನಿಕಿನ್‌ಗೆ ದುಡ್ಡಿಲ್ಲ ಅಂದರು. ನಮ್ಮಲ್ಲಿರುವುದು ಒಂದು ಸಾದಾ ಗೊಂಬೆ. ಅದು ಸಾಕಾ? ಎಲ್ಲರೆದುರು ತಪ್ಪು ಮಾಡಿಬಿಟ್ಟರೆ ಅನ್ನುವ ಭಯವೂ ಇದೆ.

ಉತ್ತರ: ಸಾಕು, ಧಾರಾಳವಾಗಿ ಸಾಕು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಹೊರತಂದ 'ರಿಸಸಿ ಆನ್' ಕೂಡ ಸಾದಾ ಗೊಂಬೆಯೇ. ಲಕ್ಷಾಂತರ ಜನ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದನ್ನು, ಕಲಿತದ್ದು ಅದರ ಮೇಲೆ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತುವುದು ಕೈಗೆ ಕೂರಬೇಕು ಅಷ್ಟೇ. ಅದಕ್ಕೆ ಗೊಂಬೆ ಉಸಿರಾಡಬೇಕಿಲ್ಲ.

ಆದರೆ ತಂಡ ಎಡವುವುದು ಜಾಸ್ತಿ ಮಾತಿನಲ್ಲಿ. "ಅಡ್ರಿನಲಿನ್ ಕೊಡಿ" (ಹೃದಯ ನಿಂತಾಗ ಕೊಡುವ ಔಷಧ) ಅಂತ ಡಾಕ್ಟರ್ ಯಾರ ಮುಖವನ್ನೂ ನೋಡದೆ ಹೇಳುತ್ತಾರೆ. ಇವರು ಕೊಟ್ಟಿರಬಹುದು ಅಂತ ಅವರು, ಅವರು ಕೊಟ್ಟಿರಬಹುದು ಅಂತ ಇವರು. ಕೊನೆಗೆ ಯಾರೂ ಕೊಟ್ಟಿರುವುದಿಲ್ಲ. ಹೆಸರು ಹಿಡಿದು ಹೇಳಬೇಕು, ಕೇಳಿಸಿಕೊಂಡವರು "ಒಂದು ಮಿಲಿಗ್ರಾಂ ಅಡ್ರಿನಲಿನ್" ಅಂತ ತಿರುಗಿ ಹೇಳಬೇಕು, ಕೊಟ್ಟ ಮೇಲೆ "ಕೊಟ್ಟೆ" ಅನ್ನಬೇಕು. ಈ ಥರದ ಶಿಸ್ತು ಮೊದಲು ಬೆಳೆದದ್ದು ವಿಮಾನಗಳಲ್ಲಿ. 1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಮುಂದೆ ಇನ್ನೊಂದು ವಿಮಾನ ಇದೆಯೇನೋ ಅಂತ ಫ್ಲೈಟ್ ಎಂಜಿನಿಯರ್ ಕೇಳಿದ್ದರು, ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿರಿಯರು ಬಾಯಿ ಬಿಡುವುದನ್ನೂ ಹಿರಿಯರು ಕೇಳುವುದನ್ನೂ ಕಲಿಸುವ ಆ ತರಬೇತಿಯನ್ನು ಅರಿವಳಿಕೆ ವೈದ್ಯರಿಗೆ ತಂದವರು ಸ್ಟ್ಯಾನ್‌ಫರ್ಡ್‌ನ ಡೇವಿಡ್ ಗಾಬಾ ಮತ್ತು ಅವರ ಜೊತೆಯವರು.

ತಾಲೀಮನ್ನು ನಿಮ್ಮ ವಾರ್ಡಿನಲ್ಲೇ, ತುರ್ತು ಔಷಧ, ಸಲಕರಣೆ ಇಡುವ ನಿಮ್ಮದೇ ಟ್ರಾಲಿ ಇಟ್ಟುಕೊಂಡು ಮಾಡಿ. ನಾನು ನಡೆಸಿದ ಒಂದು ತಾಲೀಮಿನಲ್ಲಿ ಲ್ಯಾರಿಂಗೋಸ್ಕೋಪ್ (ಉಸಿರಿನ ನಳಿಕೆ ಹಾಕಲು ಗಂಟಲು ನೋಡುವ ದೀಪದ ಸಲಕರಣೆ) ಬಿಚ್ಚಿದರೆ ಬಲ್ಬ್ ಹತ್ತಲೇ ಇಲ್ಲ, ಬ್ಯಾಟರಿ ಸತ್ತಿತ್ತು. ಬೇರೆ ಬ್ಯಾಟರಿ ಹುಡುಕಿ ಹಾಕುವಷ್ಟರಲ್ಲಿ ಎರಡು ನಿಮಿಷ ಹೋಯಿತು. ಅಲ್ಲಿ ಮಲಗಿದ್ದದ್ದು ಗೊಂಬೆ, ಅದೊಂದೇ ಸಮಾಧಾನ! ತಾಲೀಮಿಗೆ ಬಳಸುವ ಸಿರಿಂಜು, ಬಾಟಲಿಗಳಿಗೆ ಮಾತ್ರ ದಪ್ಪಕ್ಷರದಲ್ಲಿ 'ತಾಲೀಮಿಗೆ' ಅಂತ ಚೀಟಿ ಅಂಟಿಸಿ, ಮುಗಿದ ಮೇಲೆ ಎಣಿಸಿ ತೆಗೆದಿಡಿ. ಅದು ನಿಜವಾದ ಔಷಧದ ಜೊತೆ ಬೆರೆಯಲೇಬಾರದು. ನಿಜವಾದ ರೋಗಿ ಬಂದರೆ ತಾಲೀಮು ಅಲ್ಲಿಗೇ ನಿಲ್ಲಬೇಕು.

ಹತ್ತು ನಿಮಿಷ ತಾಲೀಮಾದರೆ ಇಪ್ಪತ್ತು ನಿಮಿಷ ಕೂತು ಮಾತಾಡಿ. ನನ್ನ ಪ್ರಕಾರ ನಿಜವಾದ ಕಲಿಕೆ ಆಗುವುದೇ ಆವಾಗ, ಆದರೆ ಕೆಲಸ ಇದೆ ಅಂತ ಎಲ್ಲರೂ ಮೊದಲು ಕೈಬಿಡುವುದೂ ಅದನ್ನೇ. "ಯಾಕೆ ಹೀಗೆ ಮಾಡಿದಿರಿ?" ಅಂತ ಶುರು ಮಾಡಿದರೆ ಎಲ್ಲರ ಬಾಯಿ ಕಟ್ಟಿಹೋಗುತ್ತದೆ. "ಮೂರನೇ ನಿಮಿಷದಲ್ಲಿ ಎದೆ ಒತ್ತುವುದು ನಿಂತಿತ್ತು, ಆಗ ನಿಮಗೆ ಏನು ಕಾಣಿಸುತ್ತಿತ್ತು?" ಅಂತ ಕೇಳಿ ನೋಡಿ.

ನಿಮ್ಮ ಭಯ ಸಹಜ, ಅದಕ್ಕೆ ನಾಚಿಕೊಳ್ಳಬೇಡಿ. ಇಲ್ಲಿ ನಡೆದದ್ದು ಯಾರ ಸರ್ವಿಸ್ ರೆಕಾರ್ಡಿಗೂ ಹೋಗುವುದಿಲ್ಲ ಅಂತ ಮೇಲಿನವರಿಂದ ಮೊದಲೇ ಹೇಳಿಸಿ. ಹಿರಿಯ ಡಾಕ್ಟರೂ ತಾಲೀಮಿಗೆ ಇಳಿಯಬೇಕು, ಸುಮ್ನೆ ಪಕ್ಕದಲ್ಲಿ ನಿಂತು ನೋಡಬಾರದು. ತಮ್ಮ ತಪ್ಪನ್ನು ಮೊದಲು ಅವರೇ ಹೇಳಿಕೊಂಡರೆ ಉಳಿದವರಿಗೂ ಧೈರ್ಯ ಬರುತ್ತದೆ, ಅಲ್ವಾ? ಸಿಪಿಆರ್ ಕೈಚಳಕ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ಹಾಗಾಗಿ ವರ್ಷಕ್ಕೊಂದು ದೊಡ್ಡ ತಾಲೀಮಿಗಿಂತ ತಿಂಗಳಿಗೊಂದು ಚಿಕ್ಕದು ಮೇಲು. ಈ ವಾರವೇ ಶಿಫ್ಟ್ ಬದಲಾಗುವ ಹೊತ್ತಿಗೆ ಒಂದು ಮಾಡಿ, ಎರಡೂ ಶಿಫ್ಟಿನವರು ಸಿಗುತ್ತಾರೆ.